ಚಿಪ್ಪು ಹಾಸಿದ ಹೊನ್ನಕ್ಕ

ಹತ್ತಿರ ಬನ್ನಿ ಮಕ್ಕಳೇ, ಇನ್ನೂ ಸ್ವಲ್ಪ ಹತ್ತಿರ. ಮೆಲ್ಲಗೆ ಹೇಳುವ ಮಾತು ಇದು, ಇಲ್ಲೇ ಇರಬೇಕು. ಯಾರ ಮುಂದಾದರೂ ಬಾಯಿ ಬಿಟ್ಟಿರೋ, ಇನ್ನು ಮೇಲೆ ನಿಮಗೆ ಒಂದು ಸುದ್ದಿಯೂ ಸಿಗುವುದಿಲ್ಲ.

ಸುಡುಬಿಸಿಲಿನ ಒಂದು ದೇಶದಲ್ಲಿ, ಹೊಳೆ ಹೋಗಿ ಕಡಲು ಸೇರುವ ಕಡೆ, ಒಂದು ಕಾಂಡ್ಲಾ ಕಾಡಿತ್ತು. ಉಪ್ಪುನೀರಿನಲ್ಲೇ ಬೇರೂರಿ ನಿಲ್ಲುವ ಮರಗಳು, ಬುಡದಲ್ಲಿ ಮೊಣಕಾಲುದ್ದ ಕೆಸರು. ಅಲ್ಲಿ ಹೊನ್ನಕ್ಕ ಎಂಬ ಹುಂಡುಕೋಳಿ, ಕೆಸರಲ್ಲಿ ಮೇಯುವ ನೀರುಹಕ್ಕಿ, ಇದ್ದಳು. ಎದೆ ಬಿಳಿ, ಬೆನ್ನು ಕಪ್ಪು, ಹೆಜ್ಜೆಗೊಮ್ಮೆ ಬಾಲ ಕುಣಿಸುವ ಬಿಂಕ.

ಅವಳ ಪಕ್ಕದ ಬಿಲದಲ್ಲಿ ಕುಪ್ಪಯ್ಯ ಎಂಬ ಏಡಿ. ಅವನಿಗೆ ಒಂದು ಕೈ ಕಡ್ಡಿಯಷ್ಟು, ಇನ್ನೊಂದು ಕೈ ಮೈಯಷ್ಟು. ನೀರು ಇಳಿದಾಗ ಅವನೂ ಅವನ ಬಳಗವೂ ಕೆಸರಿನ ಮೇಲೆ ನಿಂತು ಆ ದೊಡ್ಡ ಕೈ ಬೀಸಿ ಕುಣಿಯುವುದು ಅಲ್ಲಿನ ಪದ್ಧತಿ. ಬಯಲು ತುಂಬ ಕೆಂಪು ಕೈಗಳು ಒಟ್ಟಿಗೆ ಏಳುತ್ತಿದ್ದವು, ಒಟ್ಟಿಗೆ ಇಳಿಯುತ್ತಿದ್ದವು.

ಚಳಿಗಾಲ ಬಂತೆಂದರೆ ಹಿಮದ ನಾಡಿನ ಹೆಬ್ಬಾತುಗಳು ಆ ಕಾಡಿನ ಮೇಲೆಯೇ ಹಾರಿ ಮುಂದಿನ ಕೆರೆಗೆ ಹೋಗುತ್ತಿದ್ದವು. ಇಲ್ಲಿ ಒಂದಾದರೂ ಇಳಿದದ್ದಿಲ್ಲ. ಇಳಿಯುವುದಾದರೂ ಹೇಗೆ? ಆಕಾಶದಲ್ಲಿ ನೆರಳು ಕಂಡರೆ ಸಾಕು, ಏಡಿಗಳು ಬಿಲಕ್ಕೆ, ಹೊನ್ನಕ್ಕ ಪೊದೆಗೆ. ಗಿಡುಗನ ಭಯ, ಅಜ್ಜಂದಿರ ಕಾಲದ್ದು. ಮೇಲಿನಿಂದ ನೋಡಿದವರಿಗೆ ಕಾಣುವುದು ಬರೀ ಕೆಸರು.

ಹೊನ್ನಕ್ಕನ ತಾಯಿ ಪೊದೆಯಿಂದ ಕತ್ತು ಚಾಚಿ ಆ ಸಾಲು ನೋಡುತ್ತಲೇ ಮುದುಕಿಯಾಗಿ ತೀರಿಹೋಗಿದ್ದಳು. ಮಗಳಿಗೂ ಅದೇ ಗೀಳು. ಒಬ್ಬರಾದರೂ ಇಳಿದು ಬರಬೇಕು, ನಿಮ್ಮ ನಾಡು ಚೆನ್ನಾಗಿದೆ ಎನ್ನಬೇಕು. ಅಷ್ಟೇ ಅವಳ ಆಸೆ. ಸಾಲು ಮರೆಯಾದ ಮೇಲೂ ಖಾಲಿ ಆಕಾಶ ನೋಡುತ್ತಾ ನಿಂತಿರುತ್ತಿದ್ದಳು. ಕೊಕ್ಕಿನಲ್ಲಿದ್ದ ಹುಳು ಜಾರಿ ಬಿದ್ದರೂ ಅರಿವಿರುತ್ತಿರಲಿಲ್ಲ.

ಆ ವರ್ಷ ಕುಪ್ಪಯ್ಯ ಒಂದು ಮಾತು ತೆಗೆದ. ಹೆಬ್ಬಾತು ಹುಲ್ಲು ತಿನ್ನುವ ಜಾತಿ, ಅದಕ್ಕೆ ಹೆದರುವುದೇಕೆ? ಈ ಸಲ ನೆರಳು ಬಿದ್ದರೂ ನಾವು ಕುಣಿಯುತ್ತಲೇ ಇರೋಣ, ನೀನು ಬಯಲಿಗೆ ಬಂದು ಕೂಗು, ಇಂಥ ಕುಣಿತ ಅವರ ನಾಡಿನಲ್ಲಿ ಎಲ್ಲಿದೆ, ಎಂದ.

ಹೊನ್ನಕ್ಕ ಕೊಕ್ಕು ತಿರುವಿದಳು. "ಕೆಸರಲ್ಲಿ ಕೈ ಬೀಸೋದನ್ನ ನೋಡೋಕೆ ಅಷ್ಟು ದೂರದಿಂದ ಬರ್ತಾರಾ, ಕುಪ್ಪಣ್ಣ? ಇದ್ದ ಮಾನವೂ ಹೋದೀತು."

ಅವಳ ತಲೆ ಕೆಡಿಸಿದವನು ಬೇರೆ. ಕಡಲಕಾಗೆ. ಹಡಗುಗಳ ಹಿಂದೆ ಎಂಜಲಿಗೆ ಸುತ್ತುವವನು, ಮಾತು ಮಾತ್ರ ಲೋಕವನ್ನೇ ಅರೆದು ಕುಡಿದವನ ಹಾಗೆ. ಹೊನ್ನಕ್ಕ ಹಿಡಿದಿಟ್ಟ ಮೀನನ್ನೆಲ್ಲ ಮುಗಿಸಿ, ಕೊಕ್ಕು ಒರೆಸಿಕೊಂಡು ಹೇಳಿದನಂತೆ: ಅವರು ಹಿಮದ ಮೇಲೆ ಹುಟ್ಟಿದ ದೊಡ್ಡ ಜನ, ಅವರಿಗೆ ಬಿಳುಪು ಬೇಕು, ಮೌನ ಬೇಕು, ಈ ಗದ್ದಲ, ಈ ಕೆಸರು ವಾಸನೆಗೆ ಯಾರು ಇಳಿಯುತ್ತಾರೆ? ಅವನು ಹಿಮ ಕಂಡಿದ್ದನೋ ಇಲ್ಲವೋ, ದೇವರೇ ಬಲ್ಲ.

ಸರಿ, ಕಡಲ ದಂಡೆಯಿಂದ ಬಿಳಿ ಚಿಪ್ಪು ಬಂತು. ಹೊತ್ತವು ಏಡಿಗಳೇ, ಪಾಪ, ಅವಳ ಕಣ್ಣೀರು ನೋಡಲಾರದೆ. ಕೆಸರೆಲ್ಲ ಮುಚ್ಚುವಂತೆ ಹಾಸಿದ್ದಾಯಿತು. ಬಿಲಗಳ ಬಾಯಿಯೂ ಮುಚ್ಚಿಹೋಗಿ, ಏಡಿಗಳು ಬೇರಿನ ಸಂದಿಯಲ್ಲಿ ಮುದುರಿ ಕುಳಿತವು. ಮಿಂಚುಳ್ಳಿಗೆ ಕೇಕೆ ಹಾಕಬಾರದೆಂದು ಆಣೆ. ಬೆಳಗಾದರೆ ಕೂಗಿ ಕಾಡೆಬ್ಬಿಸುತ್ತಿದ್ದ ಹೊನ್ನಕ್ಕ ತಾನೂ ಕೊಕ್ಕು ಬಿಗಿದು ನಿಂತಳು. ಕಪ್ಪು ಬೆನ್ನಿಗೆ ಚಿಪ್ಪಿನ ಪುಡಿ ಬಳಿದುಕೊಂಡಿದ್ದಳು ಎಂದೂ ಹೇಳುತ್ತಾರೆ. ಕಣ್ಣಾರೆ ಕಂಡವರ ಮಾತು, ಸುಳ್ಳಿರಲಾರದು.

ಹೆಬ್ಬಾತುಗಳು ಬಂದವು. ಸಾಲು ಹತ್ತಿರವಾಯಿತು, ಕೆಳಗಿಳಿಯಿತು, ರೆಕ್ಕೆಯ ಗಾಳಿ ಅವಳ ತಲೆಗೆ ತಾಗಿತು. ಇಷ್ಟು ಹತ್ತಿರದಿಂದ ಅವಳ ತಾಯಿಯೂ ಕಂಡಿರಲಿಲ್ಲ. ಆಗ ಮುಂದಿದ್ದ ಹೆಬ್ಬಾತು ಏನೋ ಕೂಗಿತು. ಇಡೀ ಸಾಲು ಗಕ್ಕನೆ ಮೇಲೆದ್ದು ಹೊರಳಿಕೊಂಡಿತು.

ರೆಕ್ಕೆ ಸೋತ ಒಬ್ಬ ಮುದುಕಿ ಮಾತ್ರ ಉಸಿರು ತೆಗೆದುಕೊಳ್ಳಲು ಕಾಂಡ್ಲಾ ಬೇರಿನ ಮೇಲೆ ಇಳಿದಳು. ಹೊನ್ನಕ್ಕ ಓಡಿಹೋಗಿ, ಉಳಿದವರೇಕೆ ಇಳಿಯಲಿಲ್ಲ ತಾಯಿ, ಎಂದು ಕೇಳಿದಳು.

"ಇಲ್ಲೂ ಹಿಮ ಬಿದ್ದಿದೆಯಲ್ಲವ್ವಾ," ಎಂದಳು ಮುದುಕಿ. "ಅದಕ್ಕೆ ಹೆದರಿಯೇ ನಾವು ಬೆಟ್ಟ ದಾಟಿ ಓಡಿ ಬರೋದು. ಬೆಚ್ಚಗಿನ ಕೆಸರು, ಒಂದಿಷ್ಟು ಹಸಿರು, ನಾಲ್ಕು ಜನರ ಗಲಾಟೆ. ಇಷ್ಟಿದ್ದರೆ ಸಾಕಿತ್ತು ನಮಗೆ."

ಹೊನ್ನಕ್ಕ ಕಾಲಿನಿಂದಲೂ ಕೊಕ್ಕಿನಿಂದಲೂ ಚಿಪ್ಪು ಕೆದರತೊಡಗಿದಳು. ಇದೆ ತಾಯಿ, ಎಲ್ಲ ಇದೆ, ಸ್ವಲ್ಪ ನಿಲ್ಲಿ, ಎಂದು ಅಂಗಲಾಚಿದಳು. ಅಂಗೈಯಗಲ ಕೆಸರು ಕಾಣುವಷ್ಟರಲ್ಲಿ ಮುದುಕಿ, ತನ್ನವರು ತಪ್ಪಿಹೋದಾರೆಂದು ಹಾರಿಬಿಟ್ಟಳು. ದೂರದಲ್ಲಿ ಸಾಲು ದಾರದ ಎಳೆಯಷ್ಟಾಯಿತು. ಆಮೇಲೆ ಅದೂ ಇಲ್ಲ.

ಹೊನ್ನಕ್ಕ ಕತ್ತೆತ್ತಿಕೊಂಡು ನಿಂತೇ ಇದ್ದಳು. ಬೇರೆಯವರಾಗಿದ್ದರೆ ಬೆನ್ನ ಹಿಂದೆ ಆಡಿಕೊಂಡು ನಗುತ್ತಿದ್ದರು. ಕುಪ್ಪಯ್ಯ ಹಾಗಲ್ಲ. ಬೇರಿನ ಸಂದಿಯಿಂದ ಹೊರಬಂದು, ಎದುರಿಗೇ ನಿಂತು, ಮುಖಕ್ಕೆ ಹೇಳಿದ:

"ಹೊನ್ನಕ್ಕಾ, ನೆಂಟರು ಬಾಗಿಲ ತನಕ ಬಂದಿದ್ದರು. ನೀನೇ ಮನೇಲಿ ಇರಲಿಲ್ಲ."

ನೀತಿ: ತನ್ನ ನೆಲದ ಸೊಗಸಿಗೆ ತಾನೇ ನಾಚಿ ಮುಚ್ಚಿಟ್ಟರೆ, ದೂರದಿಂದ ಬಂದವರಿಗೆ ನೋಡಲು ಏನೂ ಉಳಿಯುವುದಿಲ್ಲ.