ತಮಟೆಯ ಅಪ್ಪಣೆ

"ಗುರುಗಳೇ, ಅಥಾರಿಟಿ ಎಂಬ ಇಂಗ್ಲಿಷ್ ಪದವನ್ನು ಮಕ್ಕಳಿಗೆ ಹೇಗೆ ತಿಳಿಸಲಿ?" ಎಂದು ಚನ್ನವೀರ ಕೇಳಿದ. ಮಠದ ಶಾಲೆಯಲ್ಲಿ ಪಾಠ ಹೇಳುವ ಶಿಷ್ಯ ಅವನು. "ನಿಘಂಟಿನಲ್ಲಿ ಅಧಿಕಾರ ಎಂದಿದೆ, ಅಪ್ಪಣೆ ಕೊಡುವ ಹಕ್ಕು ಎಂದೂ ಇದೆ. ಆ ಹಕ್ಕು ಇರುವುದು ಎಲ್ಲಿ ಎಂದು ಒಬ್ಬ ಹುಡುಗಿ ಕೇಳಿದಳು."

ಗುರುಗಳು ಒಂದು ಕತೆ ಹೇಳಿದರು.

ಒಂದು ಕೋಟೆಯ ಊರಿನಲ್ಲಿ ಡಂಗುರ ಸಾರುವವನೊಬ್ಬನಿದ್ದ. ದೊರೆಯ ಅಪ್ಪಣೆಯನ್ನು ತಮಟೆ ಬಾರಿಸಿ ಬೀದಿಬೀದಿಗೆ ಮುಟ್ಟಿಸುವುದು ಅವನ ಕೆಲಸ. ಸಾರಿ ಮುಗಿದ ಮೇಲೆ ತಮಟೆಯನ್ನು ಅರಮನೆಯ ಚಾವಡಿಗೆ ಒಪ್ಪಿಸಿ ಬರಬೇಕು. ತಮಟೆ ಕೈಯಲ್ಲಿದ್ದಾಗ ಊರೆಲ್ಲ ಕಿವಿಗೊಡುತ್ತಿತ್ತು. ಬರಿಗೈಯಲ್ಲಿ ಬಂದರೆ ಯಾರೂ ಅವನನ್ನು ಕಣ್ಣೆತ್ತಿ ನೋಡುತ್ತಿರಲಿಲ್ಲ. ಇದು ಅವನನ್ನು ಬಹಳ ದಿನದಿಂದ ಒಳಗೇ ಕೊರೆಯುತ್ತಿತ್ತು.

ಒಂದು ದಿನ ಸಾರಿ ಮುಗಿಸಿ ಚಾವಡಿಗೆ ಹೊರಟವನನ್ನು ಎಲೆ ಅಡಿಕೆ ಮಾರುವವನು ತಡೆದು, "ಆ ತೊಗಲು ಇಲ್ಲದಿದ್ದರೆ ನಿನ್ನನ್ನು ಕೇಳುವವರು ಯಾರಪ್ಪ?" ಎಂದು ನಕ್ಕ. ಸಾರುವವನ ಮೈಯೆಲ್ಲ ಉರಿಯಿತು. ಅಲ್ಲೇ ತಮಟೆ ಬಾರಿಸಿ ಬಾಯಿಗೆ ಬಂದದ್ದನ್ನು ಸಾರಿಬಿಟ್ಟ: "ಇಂದಿನಿಂದ ಕೋಟೆಯ ತೆಂಕಣ ಬಾಗಿಲು ಮುಚ್ಚಿರತಕ್ಕದ್ದು. ದಾಟಿದವರಿಗೆ ನೂರು ಛಡಿಯೇಟು."

ಊರು ತುಟಿ ಪಿಟಕ್ಕೆನ್ನಲಿಲ್ಲ. ಬಾಗಿಲು ಕಾಯುವವನು ಅಗುಳಿ ಜಡಿದ. ಇದು ಮಂತ್ರಿಯ ಏರ್ಪಾಡು ಎಂದುಕೊಂಡು ದೊರೆ ಸುಮ್ಮನಾದ. ದೊರೆಯ ಚಿತ್ತ ಎಂದುಕೊಂಡು ಮಂತ್ರಿ ಸುಮ್ಮನಾದ. ಆ ಎಲೆ ಅಡಿಕೆಯವನೇ ಗಿರಾಕಿಗಳಿಗೆ ಹೊಸ ಅಪ್ಪಣೆಯ ಒಳಿತನ್ನು ವಿವರಿಸತೊಡಗಿದ. ಸಾರುವವನು ಮೊದಲ ದಿನ ಒಳಗೊಳಗೇ ಹಿಗ್ಗಿದ. ಮರುದಿನ ಹೆದರಿದ. ನಿಜ ಹೇಳಿದರೆ ತಲೆ ಹೋಗುತ್ತದೆ ಎಂದು ಬಾಯಿ ಬಿಡಲಿಲ್ಲ.

ನಾಲ್ಕನೆಯ ದಿನ ಅವನ ಮಗಳಿಗೆ ಹೆರಿಗೆ ನೋವು ಬಂತು. ಮಗು ಅಡ್ಡ ತಿರುಗಿತ್ತು. ಸೂಲಗಿತ್ತಿಯ ಮನೆ ತೆಂಕಣ ಬಾಗಿಲಿನ ಆಚೆ. ಅವನ ಮನೆ ಈಚೆ, ಬಾಗಿಲಿಗೆ ಹತ್ತಿರವೇ. ಮಗಳ ಕೂಗು ಬಾಗಿಲವರೆಗೂ ಕೇಳುತ್ತಿತ್ತು. ಅವನು ಓಡಿಹೋಗಿ ಬಾಗಿಲು ಕಾಯುವವನ ಕಾಲು ಹಿಡಿದ.

"ಅದು ದೊರೆಯ ಅಪ್ಪಣೆಯಲ್ಲ ಕಣಪ್ಪ, ನಾನೇ ಕಟ್ಟಿದ ಸುಳ್ಳು. ಬಾಗಿಲು ತೆಗೆ, ನನ್ನ ಮಗಳು ಸಾಯುತ್ತಾಳೆ."

ಬಾಗಿಲು ಕಾಯುವವನೂ ಹೆಣ್ಣುಮಕ್ಕಳ ತಂದೆಯೇ. ಅವನ ಕಣ್ಣು ತುಂಬಿ ಬಂತು. ಆದರೆ ಅಗುಳಿಯನ್ನು ಒತ್ತಿ ಹಿಡಿದ ಕೈಯನ್ನು ಸಡಿಲಿಸಲಿಲ್ಲ.

"ಅಣ್ಣ, ನಿನ್ನ ಮಾತು ನಂಬುತ್ತೇನೆ. ಆದರೆ ಮುಚ್ಚು ಎಂದದ್ದು ತಮಟೆ. ತೆಗೆ ಎಂದೂ ತಮಟೆಯೇ ಹೇಳಲಿ."

ಸಾರುವವನು ಚಾವಡಿಗೆ ಓಡಿದ. ಏದುಸಿರು ಬಿಡುತ್ತಾ ತಮಟೆ ತಂದು ಬಾಗಿಲ ಮುಂದೆ ನಿಂತು ಬಾರಿಸಿದ. ಬಾಗಿಲು ಆ ಕ್ಷಣವೇ ತೆರೆಯಿತು. ಸೂಲಗಿತ್ತಿ ಓಡೋಡಿ ಬಂದಳು. ಅವಳು ಹೊಸ್ತಿಲು ತುಳಿಯುವ ಹೊತ್ತಿಗೆ ಮನೆಯೊಳಗಿನ ಕೂಗು ನಿಂತುಹೋಗಿತ್ತು.

"ಹಾಗಾದರೆ ಗುರುಗಳೇ, ಆ ಅಥಾರಿಟಿ ಇದ್ದದ್ದು ದೊರೆಯಲ್ಲೋ, ಸಾರುವವನಲ್ಲೋ, ತಮಟೆಯಲ್ಲೋ?" ಎಂದು ಚನ್ನವೀರ ಕೇಳಿದ.

ಗುರುಗಳೆಂದರು: "ಆ ಕೂಗು ಕಿವಿಗೆ ಬೀಳುತ್ತಿದ್ದರೂ ಅಗುಳಿ ಬಿಡದ ಕೈ ಯಾರದು, ಮೊದಲು ಅದನ್ನು ಹೇಳು."