ಜವರನ ಬಲಗೈ

ಹೊಳೆ ಬಾಗುವ ಕಡೆ ಒಂದು ಆಶ್ರಮ. ಅಲ್ಲಿದ್ದವರು ಇಬ್ಬರೇ: ಗುರು ಕರಿಸಿದ್ದಪ್ಪನವರು, ಶಿಷ್ಯ ಜವರ.

ಗುರುಗಳಿಗೆ ಏನೇನೋ ವಿದ್ಯೆ ಬರುತ್ತಿತ್ತು, ಈಜು ಮಾತ್ರ ಬರುತ್ತಿರಲಿಲ್ಲ. ನಲವತ್ತು ವರ್ಷ ಹೊಳೆಯ ದಡದಲ್ಲಿದ್ದರೂ ಮಂಡಿಯುದ್ದ ನೀರಿನಲ್ಲಿ ನಿಂತು ಚೊಂಬಿನಲ್ಲೇ ಸ್ನಾನ.

ಜವರನಿಗೆ ಈಜು ಬಿಟ್ಟರೆ ಬೇರೇನೂ ಬರುತ್ತಿರಲಿಲ್ಲ. ಓದು ತಲೆಗೆ ಹತ್ತಲಿಲ್ಲ, ಮಂತ್ರ ನಾಲಿಗೆಗೆ ಹತ್ತಲಿಲ್ಲ. ಹರಿಗೋಲು ಮಗುಚಿದರೆ ನೀರಿಗೆ ಹಾರಿ ಜನರನ್ನು ಎಳೆದು ತರುವುದೇ ಅವನ ಸೇವೆ. ಹೆಸರು ಜವರಾಯನದು, ಕೆಲಸ ಜವರಾಯನ ಕೈಯಿಂದ ಕಿತ್ತುಕೊಂಡು ಬರುವುದು.

ಬೇಸಿಗೆಯ ಮೊದಲಲ್ಲಿ ಹಾಗೆ ಎಳೆದು ತರುವಾಗ ಮುಳುಗುತ್ತಿದ್ದವನು ಗಾಬರಿಯಲ್ಲಿ ಅವನ ಬಲಗೈಗೆ ಜೋತುಬಿದ್ದ. ಅವನೇನೋ ಬದುಕಿಕೊಂಡ. ಜವರನ ಭುಜದ ಕೀಲು ಜಾರಿತು.

ವೈದ್ಯರು ಕೀಲು ಕೂರಿಸಿ, ಕೈಯನ್ನು ಎದೆಗೆ ಸೇರಿಸಿ ಬಟ್ಟೆ ಕಟ್ಟಿದರು. ಐದು ತಿಂಗಳು ಈ ಕೈಯಲ್ಲಿ ಈಜುವ ಹಾಗಿಲ್ಲ ಎಂದರು.

ಜವರನಿಗೆ ಭಯ ಹತ್ತಿಕೊಂಡಿತು. ಈಜಲಾರದ ಜವರನನ್ನು ಆಶ್ರಮದಲ್ಲಿ ಯಾಕೆ ಇಟ್ಟುಕೊಂಡಾರು? ಅವನಿಗೆ ಹೋಗಲು ಬೇರೆ ಮನೆಯೂ ಇರಲಿಲ್ಲ.

"ಬುದ್ಧಿ, ಅಲ್ಲೀವರೆಗೆ ಸುಮ್ನೆ ಕೂತ್ರೆ ಮೈ ಈಜೋದನ್ನೇ ಮರೆತುಬಿಡ್ತದೆ. ಉಸಿರು ಹಿಡಿಯೋಕೂ ಆಗಲ್ಲ. ಏನ್ ಮಾಡ್ಲಿ?"

"ಕಾಲು ಮುರಿದಿದೆಯಾ?"

"ಇಲ್ಲ."

ಗುರುಗಳು ಅಟ್ಟದಿಂದ ಒಂದು ಒಣ ಸೋರೆಬುರುಡೆ ಇಳಿಸಿ ಕೊಟ್ಟರು. ಈಜು ಕಲಿಯುವ ಮಕ್ಕಳ ಬೆನ್ನಿಗೆ ಕಟ್ಟುವಂಥದ್ದು.

ಜವರನಿಗೆ ನಾಚಿಕೆಯಾಯಿತು. ಆದರೆ ನಾಚಿಕೆಗಿಂತ ಭಯ ದೊಡ್ಡದಿತ್ತು. ಮರುದಿನದಿಂದಲೇ ಎಡಗೈಯಲ್ಲಿ ಬುರುಡೆ ತಬ್ಬಿಕೊಂಡು, ಒಂದು ಬಂಡೆಯಿಂದ ಇನ್ನೊಂದು ಬಂಡೆಗೆ ಬರೀ ಕಾಲು ಬಡಿದು ಹೋಗಿ ಬರತೊಡಗಿದ.

"ಏನ್ ಜವರಣ್ಣ, ಈಜು ಕಲಿಯೋಕೆ ಸೇರ್ಕೊಂಡ್ಯಾ?" ಎಂದು ಬಟ್ಟೆ ಒಗೆಯುವ ಹೆಂಗಸರು ಬಿದ್ದು ಬಿದ್ದು ನಕ್ಕರು.

ನಗಲಿ. ದಿನಗಳೆದಂತೆ ಕಾಲು ಗಟ್ಟಿಯಾಯಿತು, ಉಸಿರು ಉದ್ದವಾಯಿತು. ಎದೆಗೆ ಕಟ್ಟಿದ್ದ ಬಟ್ಟೆಯನ್ನೂ ವೈದ್ಯರು ಬಿಚ್ಚಿದರು. ಭಯ ಮಾತ್ರ ಬಿಡಲಿಲ್ಲ. ಆಚೆ ದಡದಲ್ಲಿ ಯಾರಾದರೂ ಜೋರಾಗಿ ನಕ್ಕರೂ ಅವನಿಗೆ ಮುಳುಗುವವರು ಕೂಗಿದಂತೆ ಕೇಳುತ್ತಿತ್ತು. ಬಲಗೈ ಇನ್ನೂ ಕಿವಿಯ ಮಟ್ಟಕ್ಕೆ ಏರುತ್ತಿರಲಿಲ್ಲ.

ಐದು ತಿಂಗಳು ತುಂಬುವ ಮೊದಲೇ ಹೊಳೆಗೆ ಹೊಸ ನೀರು ಬಂತು. ಕೆಂಪು ನೀರು.

ಆ ಬೆಳಿಗ್ಗೆ ಅಂಬಿಗ ಹುಚ್ಚಯ್ಯ ಹರಿಗೋಲು ಇಳಿಸುತ್ತಿದ್ದ. ಆಚೆ ದಡಕ್ಕೆ ಹೋಗುವವರು ಹತ್ತು ಜನ ಕಾದಿದ್ದರು. ಒಬ್ಬಳ ಕಂಕುಳಲ್ಲಿ ಕೂಸಿತ್ತು.

"ಜವರ, ಕೈ ವಾಸಿಯಾಯ್ತಾ?" ಹುಚ್ಚಯ್ಯ ಕೇಳಿದ. "ನೀನು ದಡದಲ್ಲಿ ಕಾಯ್ತೀಯ ಅಂದ್ರೆ ಹತ್ತೂ ಜನರನ್ನ ಕೂರಿಸ್ತೀನಿ. ಇಲ್ಲಾಂದ್ರೆ ಐದೇ ಜನ."

ಎಲ್ಲರೂ ಜವರನ ಕಡೆ ನೋಡಿದರು. ಆಶ್ರಮದ ಮೆಟ್ಟಿಲ ಮೇಲೆ ನಿಂತಿದ್ದ ಗುರುಗಳೂ ನೋಡಿದರು. ಇಲ್ಲ ಎಂದರೆ ಇವತ್ತಿಗೇ ತನ್ನ ಕಥೆ ಮುಗಿಯಿತು ಎಂದು ಜವರನಿಗೆ ಅನ್ನಿಸಿತು.

"ಆಗದೆ ಏನು? ಪೂರ್ತಿ ವಾಸಿ," ಅಂದುಬಿಟ್ಟ.

ಗುರುಗಳು ಮೆಟ್ಟಿಲಿಳಿದು ಬಂದರು. "ಹುಚ್ಚಯ್ಯ, ಒಂದು ಗಳಿಗೆ ತಾಳು. ಜವರ, ನನಗೂ ಈಜು ಕಲಿಯಬೇಕು ಅನ್ನಿಸುತ್ತಿದೆ. ಬಾ."

"ಇವತ್ತಾ ಬುದ್ಧಿ? ಕೆಂಪು ನೀರು!"

"ಕೈ ವಾಸಿಯಾಗಿದೆಯಲ್ಲ?"

ಜವರ ಅವರ ಹಿಂದೆಯೇ ನೀರಿಗಿಳಿದ. ಬಂಡೆಯ ಪಕ್ಕದಲ್ಲಿ ನೀರು ಎದೆಗೆ ಬಂತು. ಅದರಾಚೆ ಮಡು. ಅಲ್ಲಿ ಆನೆ ನಿಂತರೂ ಮುಳುಗುತ್ತದೆ.

ಗುರುಗಳು ನೀರಿನ ಮೇಲೆ ಅಂಗಾತ ಮಲಗಿದರು. "ಬಲಗೈಯಲ್ಲಿ ಹಿಡಿ."

"ಎಡಗೈಲೇ ಹಿಡೀತೀನಿ ಬುದ್ಧಿ..."

"ಬಲಗೈಯಲ್ಲಿ."

ಜವರ ಬಲಗೈಯನ್ನು ಅವರ ಬೆನ್ನಡಿಗೆ ಕೊಟ್ಟ. ಗುರುಗಳು ಬಂಡೆಗೆ ಕಾಲು ಕೊಟ್ಟು ಜೋರಾಗಿ ಒದ್ದರು. ಇಬ್ಬರೂ ಮಡುವಿಗೆ ಹೋದರು.

ಕೆಳಗೆ ನೆಲವಿಲ್ಲ. ಸೆಳೆತ ಎಳೆಯುತ್ತಿತ್ತು. ಗುರುಗಳ ಭಾರವೆಲ್ಲ ಆ ಭುಜದ ಮೇಲೆ ಬಿತ್ತು. ಕೀಲಿನೊಳಗೆ ಕಾದ ಸೂಜಿ ಆಡಿಸಿದಂತಾಯಿತು. ಕೈ ಬೆರಳಗಲ ಬೆರಳಗಲವಾಗಿ ಕೆಳಗಿಳಿಯಿತು. ಕೆಂಪು ನೀರು ಗುರುಗಳ ಕಿವಿ ಮುಚ್ಚಿತು, ಗಲ್ಲ ಮುಟ್ಟಿತು. ಅವರು ಆಕಾಶ ನೋಡುತ್ತ ಸುಮ್ಮನೆ ಮಲಗಿದ್ದರು.

ಜವರನಿಗೆ ಇಂಥ ಹೆದರಿಕೆ ಹುಟ್ಟಿದಾಗಿನಿಂದ ಆಗಿರಲಿಲ್ಲ.

"ನೋವಿದೆ ಬುದ್ಧಿ!" ಎಂದು ಕಿರುಚಿದ. "ಈ ಕೈ ನಿಲ್ತಾ ಇಲ್ಲ. ಸುಳ್ಳು ಹೇಳ್ದೆ!"

"ಯಾವ ಕೈ ನಿಲ್ಲುತ್ತೆ?"

"ಎಡಗೈ."

"ಹಾಗಾದರೆ ಅದರಲ್ಲಿ ಹಿಡಿ."

ಜವರ ಎಡಗೈಯಿಂದ ಅವರ ಎದೆಯನ್ನು ಬಳಸಿ ಹಿಡಿದ. ಬಲಗೈಯನ್ನು ತನ್ನ ಹೊಟ್ಟೆಗೆ ಒತ್ತಿಕೊಂಡ. ಮೂರೂವರೆ ತಿಂಗಳು ಬುರುಡೆ ತಬ್ಬಿಕೊಂಡು ಬಡಿದ ಕಾಲುಗಳು ಹೊಳೆಯನ್ನು ಒದ್ದವು. ಸೆಳೆತಕ್ಕೆ ಅಡ್ಡವಾಗಿ, ನಿಧಾನವಾಗಿ, ದಡ ಹತ್ತಿರ ಬಂತು.

ಮರಳಿನ ಮೇಲೆ ಇಬ್ಬರೂ ಕೂತರು. ಗುರುಗಳು ಮೂಗಿನಿಂದ ನೀರು ಸೀನಿದರು.

ಜವರ ಎದ್ದು ನಿಂತು ಕೂಗಿದ: "ಹುಚ್ಚಣ್ಣಾ, ಐದೇ ಜನ! ನನ್ನ ಕೈ ವಾಸಿಯಾಗಿಲ್ಲ!"

ಹುಚ್ಚಯ್ಯ ಐದು ಜನರನ್ನಷ್ಟೇ ಕೂರಿಸಿದ. ಹರಿಗೋಲು ಹಗುರಾಗಿ ಹೊರಟಿತು. ಅದು ಆಚೆ ಮುಟ್ಟುವ ತನಕ ಜವರ ಕಣ್ಣು ಕೀಳಲಿಲ್ಲ.

ಆಮೇಲೆ ತಲೆ ತಗ್ಗಿಸಿ ಕೇಳಿದ. "ನನ್ನ ಕಳಿಸಿಬಿಡ್ತೀರಾ ಬುದ್ಧಿ?"

"ನಾಳೆಗೆ ಇನ್ನೊಂದು ಬುರುಡೆ ಹುಡುಕು. ನನಗೆ."

ಜವರನ ಕಣ್ಣು ತುಂಬಿ ಬಂತು.

"ಮಡುವಿನಲ್ಲಿ ನಿಮಗೆ ಹೆದರಿಕೆ ಆಗ್ಲಿಲ್ವಾ?"

"ಆಯಿತು. ಪ್ರಾಣ ಬಾಯಿಗೆ ಬಂದಿತ್ತು."

"ಮತ್ತೆ ಅಷ್ಟು ಸುಮ್ನೆ ಇದ್ರಲ್ಲ? ಯಾವಾಗ ಹೋಯ್ತು ಹೆದರಿಕೆ?"

ಗುರುಗಳು ಒದ್ದೆ ಪಂಚೆ ಹಿಂಡುತ್ತ ಹೇಳಿದರು:

"ನೋವಿದೆ ಅಂದೆಯಲ್ಲ, ಆಗ."