ಸೊಂಟದಲ್ಲಿ ಸಿಕ್ಕಿಬಿದ್ದ ದೊರೆ

ಚಿಟಿಕೆನಾಡು ಎಷ್ಟು ಪುಟ್ಟ ದೇಶವೆಂದರೆ, ಅಲ್ಲಿ ಒಗ್ಗರಣೆ ಹಾಕಿದರೆ ನೆರೆದೇಶದವರು ಸೀನುತ್ತಿದ್ದರು. ಅಂಥ ದೇಶದ ದೊರೆ ಪ್ರಚಂಡರಾಯನಿಗೆ ಒಂದು ದಿನ ತನ್ನದೇ ನಾಣ್ಯ ಬೇಕೆನ್ನಿಸಿತು. ಟಂಕಿಸಿದ್ದೂ ಆಯಿತು. ನಾಣ್ಯದ ತುಂಬ ಅವನದೇ ಮುಖ. ಮೀಸೆಯಂತೂ ಅಂಚಿನಿಂದ ಅಂಚಿಗೆ. ಬೆಲೆ ಬರೆಯಲು ಜಾಗವೇ ಉಳಿಯಲಿಲ್ಲ.

"ಈ ನಾಣ್ಯವೇ ನಾನು!" ಎಂದು ದೊರೆ ಡಂಗುರ ಸಾರಿಸಿದ. "ಇದಕ್ಕೆ ಅವಮಾನ ಮಾಡಿದವರಿಗೆ ಇಪ್ಪತ್ತು ಛಡಿಯೇಟು!"

ಮೂರನೆಯ ದಿನವೇ ಮೀನು ಮಾರುವ ಮುತ್ತಕ್ಕನನ್ನು ಕಾವಲಿನವರು ಸಭೆಗೆ ಎಳೆದು ತಂದರು. ಸಿಕ್ಕ ನಾಣ್ಯವನ್ನು ಅವಳು ಎಂದಿನ ರೂಢಿಯಂತೆ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಳು.

"ಒಡೆಯಾ, ಎರಡು ಕೈಯೂ ಬುಟ್ಟಿ ಮೇಲಿತ್ತು, ಮತ್ತೆಲ್ಲಿಡಲಿ..." ಎಂದು ಅವಳು ಶುರುಮಾಡುವಷ್ಟರಲ್ಲಿ ದೊರೆ ಬೆನ್ನು ತಿರುಗಿಸಿ, ಕನ್ನಡಿಯಲ್ಲಿ ಮೀಸೆ ತೀಡಿಕೊಳ್ಳತೊಡಗಿದ. ಅಹವಾಲು ಹಿಡಿದು ಯಾರೇ ಬರಲಿ, ಅವನದು ಇದೇ ಚಾಳಿ.

ದೊರೆಗೆ ವೀಳ್ಯ ಮಡಿಸಿಕೊಡುವ ನೀಲವ್ವ ಪಕ್ಕದಲ್ಲೇ ಇದ್ದಳು. ಹತ್ತು ದೇಶ ಸುತ್ತಿ, ಹತ್ತು ದೊರೆಗಳ ಬಾಯಿ ಕೆಂಪಾಗಿಸಿ ಬಂದವಳು. ಇಪ್ಪತ್ತು ಏಟಿಗೆ ಈ ಬಡಕಲು ಹೆಂಗಸು ಮತ್ತೆ ಬುಟ್ಟಿ ಹೊರಲಾರಳು ಎಂದು ಅವಳಿಗೆ ಗೊತ್ತಿತ್ತು. ಸುಣ್ಣದ ಡಬ್ಬಿ ಮುಚ್ಚಿದಳು.

"ಪ್ರಭು, ಇವಳದು ಯಾವ ಮಹಾ ಅಪರಾಧ! ನಾನು ಇದಕ್ಕಿಂತ ಘೋರವಾದದ್ದನ್ನು ಕಂಡೆ. ಯಾರೋ ಸಾವಿರಾರು ದೊರೆಗಳನ್ನು ಗೋಣಿಚೀಲಕ್ಕೆ ತುಂಬಿ, ಬಾಯಿ ಬಿಗಿದು, ಕತ್ತಲಕೋಣೆಗೆ ಎಸೆದಿದ್ದಾರೆ. ಒಬ್ಬರ ಮೇಲೊಬ್ಬರು! ಇಲಿಗಳು ಮೇಲೆಲ್ಲ ಓಡಾಡುತ್ತಿವೆ."

ದೊರೆ ಗರ್ರನೆ ತಿರುಗಿದ. "ಯಾವನವನು? ಅವನಿಗೆ ಇನ್ನೂರು ಏಟು ಹಾಕಿಸುತ್ತೇನೆ! ಎಲ್ಲಿದೆ ಆ ಕೋಣೆ?"

"ಇಲ್ಲೇ, ಸಿಂಹಾಸನದ ಕೆಳಗೆ. ತಮ್ಮ ಖಜಾನೆ."

ಖಜಾನೆ ಕಾಯುವ ಭಂಡಾರಿಯ ಮುಖ ಬಿಳಿಚಿತು. "ನನ್ನದೇನೂ ಇಲ್ಲ ಮಹಾಸ್ವಾಮಿ! ಚೀಲ ಕಟ್ಟಿಡು ಅಂತ ಅಪ್ಪಣೆ ಕೊಟ್ಟಿದ್ದು ತಾವೇ!"

ಛಡಿ ಹಿಡಿದು ನಿಂತವನು ಯಾರತ್ತ ನೋಡಬೇಕೆಂದು ತಿಳಿಯದೆ ಸೂರು ನೋಡಿದ.

"ಮುತ್ತಕ್ಕನಾದರೋ ಒಬ್ಬನೇ ದೊರೆಯನ್ನು ಬೆಚ್ಚಗೆ ಇಟ್ಟುಕೊಂಡಿದ್ದಳು," ಎಂದಳು ನೀಲವ್ವ, ಎಲೆಯ ತೊಟ್ಟು ಮುರಿಯುತ್ತ. "ಆ ಇನ್ನೂರು ಏಟು ಯಾರಿಗೆ ಅಂತ ತಾವೇ ಅಪ್ಪಣೆ ಕೊಡಿಸಿ."

ದೊರೆ ಕೆಮ್ಮಿದ. "ಅದೂ... ನಾಣ್ಯ ಅಂದರೆ ನಾಣ್ಯ. ಎಲ್ಲಿ ಬೇಕಾದರೂ ಇಟ್ಟುಕೊಳ್ಳಲಿ. ಬಿಡಿ ಅವಳನ್ನು!"

ಮುತ್ತಕ್ಕ ನಾಣ್ಯವನ್ನು ಮತ್ತೆ ಸೊಂಟಕ್ಕೇ ಸಿಕ್ಕಿಸಿದಳು, ಈ ಸಲ ದೊರೆಗೆ ಕಾಣುವಂತೆ.

ಪ್ರಚಂಡರಾಯನ ಹೊಟ್ಟೆ ಉರಿದುಹೋಯಿತು. "ಇಷ್ಟೆಲ್ಲ ಮಾತಾಡುವವಳು ನೀನೇ ಹೇಳು ನೀಲವ್ವ. ಯಾರು ಎಲ್ಲಿ ಸಿಕ್ಕಿಸಿಕೊಂಡರೂ ನನ್ನ ಮುಖಕ್ಕೆ ಅವಮಾನವಾಗಬಾರದು. ಆದರೆ ನೋಡಿದ ಕೂಡಲೇ 'ಇವನೇ ನಮ್ಮ ದೊರೆ' ಅಂತ ಪ್ರಜೆಗಳು ಗುರುತು ಹಿಡಿಯಬೇಕು. ನಾಣ್ಯದ ಮೇಲೆ ಏನು ಅಚ್ಚೊತ್ತಿಸಲಿ?"

ನೀಲವ್ವ ಮಡಿಸಿದ ವೀಳ್ಯವನ್ನು ವಿನಯದಿಂದ ಮುಂದೆ ಚಾಚಿದಳು.

"ತಮ್ಮ ಬೆನ್ನು, ಪ್ರಭು. ಅಹವಾಲು ತಂದವರೆಲ್ಲ ಇಷ್ಟು ವರ್ಷ ನೋಡಿರುವುದು ಅದನ್ನೇ."